ಮೆಪಿಟೆಲ್: ಎಳೆದು ಕೀಳುವ ಗೋಳಿಲ್ಲ

ಎಪಿಡರ್ಮೊಲೈಸಿಸ್ ಬುಲೋಸಾ (ಇಬಿ), ಅಂದರೆ ಸ್ವಲ್ಪ ಉಜ್ಜಿದರೂ ಚರ್ಮದಲ್ಲಿ ಗುಳ್ಳೆ ಏಳುವ ಕಾಯಿಲೆ ಇರುವವರಿಗೆ ಡ್ರೆಸಿಂಗ್ ತರುವಾಗ ನಾನು ಮೊದಲು ನೋಡುವುದು ಒಂದೇ: ತೆಗೆಯುವಾಗ ಏನಾಗುತ್ತದೆ? ಬರೀ ಗಾಜ್ ಬಟ್ಟೆ ಗಾಯದ ಮೇಲೆ ಒಣಗಿ ಕಚ್ಚಿಕೊಳ್ಳುತ್ತದೆ, ಎಳೆದರೆ ಆಗ ತಾನೇ ಬಂದ ಹೊಸ ಚರ್ಮವೂ ಜೊತೆಗೇ ಬರುತ್ತದೆ. ಮಾಮೂಲಿ ಪ್ಲಾಸ್ಟರ್ ಅಂತೂ ಬೇಡವೇ ಬೇಡ.

ಮೆಪಿಟೆಲ್ ಎಂಬ ಡ್ರೆಸಿಂಗ್ ಇಷ್ಟವಾಗಿದ್ದು ಇಲ್ಲೇ. ಮೆತ್ತನೆಯ ಸಿಲಿಕೋನ್ ಲೇಪಿಸಿದ ಬಲೆ ಇದು, ಒಣ ಚರ್ಮವನ್ನು ಹಗುರವಾಗಿ ಹಿಡಿಯುತ್ತದೆ, ಒದ್ದೆ ಗಾಯಕ್ಕೆ ಅಂಟುವುದಿಲ್ಲ. ಗಾಯದ ನೀರು ತೂತುಗಳಿಂದ ಮೇಲಿನ ಪ್ಯಾಡ್‌ಗೆ ಹೋಗುತ್ತದೆ, ಹಾಗಾಗಿ ಪ್ಯಾಡ್ ಮಾತ್ರ ಬದಲಿಸಿ ಬಲೆಯನ್ನು ಕೆಲವು ದಿನ ಹಾಗೇ ಬಿಡಬಹುದು, ಸೋಂಕು ಇಲ್ಲದಿದ್ದರೆ. ಒಂದೇ ಕಿರಿಕಿರಿ, ಎರಡೂ ಬದಿ ಅಂಟು. ಗ್ಲೌಸ್‌ಗೆ ಮೆತ್ತಿಕೊಂಡು ಮುದುಡಿಹೋಗುತ್ತದೆ! ಗ್ಲೌಸನ್ನು ಸ್ಟೆರೈಲ್ ಸಲೈನ್‌ನಲ್ಲಿ (ಕ್ರಿಮಿಯಿಲ್ಲದ ಉಪ್ಪುನೀರು) ಒದ್ದೆ ಮಾಡಿಕೊಂಡರೆ ಸಲೀಸು. ಒಂದೇ ಬದಿ ಅಂಟಿರುವ ಮೆಪಿಟೆಲ್ ಒನ್ ಕೂಡ ಇದೆ.

ಬಲೆ ತಾನಾಗಿ ಏನನ್ನೂ ಹೀರುವುದಿಲ್ಲ, ಅದು ನೆನಪಿರಲಿ. ಜಾಸ್ತಿ ಸೋರುವ ಗಾಯಕ್ಕೆ ಫೋಮ್ ಬೇಕು. ಕಡಿಮೆ ಸೋರುವ ಗಾಯಕ್ಕಾದರೆ ಮೆಪಿಲೆಕ್ಸ್ ಲೈಟ್ ಎಂಬ ತೆಳ್ಳನೆಯ ಫೋಮ್ ಇದೆ, ಬೇಕಾದ ಆಕಾರಕ್ಕೆ ಕತ್ತರಿಸಬಹುದು, ಬೆರಳ ಸಂದಿಗೂ ಕೂರುತ್ತದೆ. ದಪ್ಪ ಫೋಮ್ ಸೆಕೆಗಾಲದಲ್ಲಿ ಹಿಂಸೆ, ಬೆವರಿಗೂ ಬಿಸಿಗೂ ಹೊಸ ಗುಳ್ಳೆ ಏಳಬಹುದು. ಮೇಲೆ ಟೇಪ್ ಹಾಕಬೇಡಿ, ಕೊಳವೆಯಂಥ ಬ್ಯಾಂಡೇಜ್ ಏರಿಸಿದರೆ ಸಾಕು. ಎಲ್ಲಾದರೂ ಅಂಟಿದ್ದರೆ ಸುಮ್ನೆ ಎಳೆಯಬೇಡಿ, ಅಂಟು ಬಿಡಿಸುವ ಸಿಲಿಕೋನ್ ಸ್ಪ್ರೇ ಹೊಡೆದು ನಿಧಾನಕ್ಕೆ ಬಿಡಿಸಿ. ವಾಸನೆ ಬಂದರೆ, ನೋವು ಏರಿದರೆ ಡ್ರೆಸಿಂಗ್ ಬದಲಿಸುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.