ಸಾವಯವ ತರಕಾರಿ ಬುಟ್ಟಿ: ಮೂರು ವರ್ಷ ತರಿಸಿದ ಮೇಲೆ ನನ್ನ ಅನಿಸಿಕೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಸೊಪ್ಪಿಗೆ ಧಾರಾಳವಾಗಿ ತರಿಸಿ. ನಾಟಿ ತರಕಾರಿಗೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಉಳಿದದ್ದಕ್ಕೆ ಕೈ ಹಿಡಿದು ಖರ್ಚು ಮಾಡಿ.

ಬೆಂಗಳೂರು ದಕ್ಷಿಣದ ನಮ್ಮ ಮನೆಗೆ 2022ರ ಕೊನೆಯಿಂದ ವಾರಕ್ಕೊಮ್ಮೆ ಸಾವಯವ ತರಕಾರಿ ಬರುತ್ತಿದೆ. ನಡುವೆ ಒಮ್ಮೆ ಕಂಪನಿ ಬದಲಾಯಿಸಿದೆವು. ಹೆಸರು ಹಾಕುವುದಿಲ್ಲ. ಊರಲ್ಲಿ ಇಂಥವು ಬೇಕಾದಷ್ಟಿವೆ, ಯಾವುದಕ್ಕೆ ಸೇರಿದರೂ ಇಲ್ಲಿ ಹೇಳುವುದು ಅನ್ವಯಿಸುತ್ತದೆ.

ಶುರು ಮಾಡಿದ್ದೇ ಸೊಪ್ಪಿಗಾಗಿ. ವೃಷಭಾವತಿ ನದಿಯ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನ ಬಗ್ಗೆ, ಅದರಲ್ಲಿ ಸೇರುವ ಸೀಸದಂಥ ಲೋಹಗಳ ಬಗ್ಗೆ ಬೆಂಗಳೂರಿನವರು ವರ್ಷಗಳಿಂದ ಪೇಪರಿನಲ್ಲಿ ಓದುತ್ತಲೇ ಇದ್ದೇವೆ. ಓದಿ, ಕಾಫಿ ಕುಡಿದು, ಮೂಲೆ ಅಂಗಡಿಗೆ ಹೋಗಿ ಅದೇ ಸೊಪ್ಪು ತರುತ್ತೇವೆ. ಅದಕ್ಕೇ ನಾನು ಕಂಪನಿಗೆ ಕೇಳಿದ ಮೊದಲ ಪ್ರಶ್ನೆ ಗೊಬ್ಬರದ್ದಲ್ಲ, ನೀರಿನದು. ರಸಗೊಬ್ಬರ ಹಾಕದೆ ಚರಂಡಿ ನೀರು ಬಿಟ್ಟರೆ ಏನು ಬಂತು? ಬೋರ್‌ವೆಲ್ ನೀರು ಅಂದರು. ಕನಕಪುರದ ಕಡೆಯ ಒಂದು ತೋಟಕ್ಕೆ ಗ್ರಾಹಕರನ್ನು ಕರೆದುಕೊಂಡು ಹೋಗಿ ತೋರಿಸಿಯೂ ಬಂದರು.

ಅಲ್ಲಿ ನೋಡಿದ್ದು ನೀಲಿ ಡ್ರಮ್ಮಿನ ಜೀವಾಮೃತ, ಅಂದರೆ ಬೆಳೆಗೆ ಹಾಕುವ ದ್ರವ ಗೊಬ್ಬರ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿ ಕೊಳೆಯಲು ಬಿಟ್ಟು, ದಿನಾ ಕೋಲಿನಿಂದ ತಿರುವುತ್ತಾರೆ. ಒಂದು ಡ್ರಮ್ಮು ಒಂದು ಎಕರೆಗೆ. ನಮ್ಮ ಗುಂಪಿನ ಮಕ್ಕಳು ಮೂಗು ಮುಚ್ಚಿಕೊಂಡು ಓಡಿದವು. ಅತ್ತೆ ಮಾತ್ರ ಡ್ರಮ್ಮಿನ ಪಕ್ಕದಲ್ಲೇ ನಿಂತು ಆ ರೈತನ ಹತ್ತಿರ ಬೆಲ್ಲದ ರೇಟು ಮಾತಾಡುತ್ತಿದ್ದರು.

ಸೊಪ್ಪು ಬರುವುದು ಬೇರು ಸಮೇತ. ದಂಟು, ಮೆಂತ್ಯ, ಸಬ್ಬಸಿಗೆ, ಕೆಲವು ವಾರ ಹೊನಗೊನೆ, ಅದೃಷ್ಟ ಇದ್ದರೆ ಅಣ್ಣೆ ಸೊಪ್ಪು. ಬಾಳೆ ನಾರಿನಲ್ಲಿ ಕಟ್ಟಿರುತ್ತಾರೆ. ದಂಟಿನ ಎಲೆಯಲ್ಲಿ ಅಲ್ಲಲ್ಲಿ ತೂತು ಇದ್ದೇ ಇರುತ್ತದೆ. ಬೋಗುಣಿಯಲ್ಲಿ ನೀರು ತುಂಬಿಸಿ ಅದ್ದಿದರೆ ಕೆಮ್ಮಣ್ಣು ತಳಕ್ಕೆ ಕೂರುತ್ತದೆ. ನೀರು ತಿಳಿಯಾಗುವ ತನಕ ಎರಡು ಮೂರು ಸಲ ಜಾಲಾಡಬೇಕು. ಇದಕ್ಕೆ ಪುರುಸೊತ್ತು ಇಲ್ಲದವರು ಈ ಸೇವೆ ತೆಗೆದುಕೊಳ್ಳಬೇಡಿ, ಸುಮ್ನೆ ಫ್ರಿಜ್ಜಿನಲ್ಲಿ ಕೊಳೆಯುತ್ತದೆ. ತೊಳೆದು ಬಸ್ಸಾರು ಮಾಡಿದ ದಿನ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಬಸಿದ ನೀರಿಗೇ ಒಂದು ರುಚಿ ಇರುತ್ತದೆ. ರುಚಿಗೆ ಕಾರಣ ಸಾವಯವವೋ, ಹಿಂದಿನ ಸಂಜೆಯಷ್ಟೇ ಕಿತ್ತದ್ದೋ ಅಂತ ಕೇಳಿದರೆ, ನನ್ನ ಓಟು ಎರಡನೆಯದಕ್ಕೆ.

ಈಗ ಮುಖ್ಯ ವಿಷಯ. ಇಂಥ ಸೇವೆಯನ್ನು ಅಳೆಯುವುದು ಹೇಗೆ? ಅವರು ಏನೇನು ಕೊಡುತ್ತಾರೆ ಅಂತ ನೋಡಬೇಡಿ. ಏನೇನು ಇಲ್ಲ ಅನ್ನುತ್ತಾರೆ ನೋಡಿ.

ಮೊದಲ ವರ್ಷ ಶುಕ್ರವಾರ ವಾಟ್ಸಾಪಿನಲ್ಲಿ ಪಟ್ಟಿ ಬರುತ್ತಿತ್ತು, ಭಾನುವಾರ ಬೆಳಿಗ್ಗೆ ಕ್ರೇಟು. ಪಟ್ಟಿಯ ಅರ್ಧಕ್ಕೆ ಈ ವಾರ ಇಲ್ಲ ಅಂತ ಗುರುತು. ಕ್ರೇಟು ತರುವ ಹುಡುಗನೂ ಬಾಗಿಲಲ್ಲೇ ಶುರು ಮಾಡುತ್ತಿದ್ದ: "ಅಕ್ಕಾ, ಮಳೆಗೆ ಕೊತ್ತಂಬರಿ ಎಲ್ಲಾ ಕೊಳೆತೋಯ್ತು. ಬೀನ್ಸೂ ಇಲ್ಲ. ಸೀಮೆಬದನೆ ಜಾಸ್ತಿ ಹಾಕಿದೀನಿ." ಸೀಮೆಬದನೆ ತಿಂದು ತಿಂದು ಮನೆಯವರೆಲ್ಲ ರೋಸಿಹೋದರು. ಬೇಸಿಗೆಯಲ್ಲಿ ಹೂಕೋಸು ಕಾಣಲೇ ಇಲ್ಲ. ಅವರೆಕಾಯಿ ಬಂದದ್ದು ಚಳಿ ಬಿದ್ದ ಮೇಲೆ, ಡಿಸೆಂಬರಿನಲ್ಲಿ. ಆ ಸೊಗಡಿಗೆ, ಜೊತೆಗೆ ಬಂದ ಹುಳುಗಳಿಗೂ, ಯಾರ ತಕರಾರೂ ಇರಲಿಲ್ಲ.

2023ರ ಜುಲೈನಲ್ಲಿ ಟೊಮೆಟೊ ಕತೆ ನೆನಪಿದೆಯಲ್ವಾ? ಅಂಗಡಿಯಲ್ಲಿ ಕೆಜಿಗೆ ನೂರು ದಾಟಿತ್ತು. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿ ಹೋಗಿತ್ತು. ನಮ್ಮ ಬುಟ್ಟಿಯಲ್ಲಿ ಮಾತ್ರ ಅದೇ 60 ರೂಪಾಯಿ. ರೈತರ ಜೊತೆ ವರ್ಷಕ್ಕೊಂದು ದರ ಮಾತಾಡಿಕೊಂಡಿದ್ದರಂತೆ. ಮನೆಗೆ ಅರ್ಧ ಕೆಜಿ ಮಾತ್ರ ಅಂತ ಮಿತಿ ಹಾಕಿದರು, ಅಷ್ಟೇ. ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆಗೆ ಇದ್ದಕ್ಕಿದ್ದಂತೆ ಮರ್ಯಾದೆ ಜಾಸ್ತಿಯಾಯಿತು! ಆದರೆ ಲೆಕ್ಕದ ಇನ್ನೊಂದು ಮಗ್ಗುಲೂ ಇದೆ. ಬೆಲೆ ಬಿದ್ದು, ತಳ್ಳುಗಾಡಿಯವರು 15 ರೂಪಾಯಿಗೆ ಕೂಗುವಾಗಲೂ ನಾವು 60 ಕೊಟ್ಟಿದ್ದೇವೆ. ಇದು ಹೊಂದದವರಿಗೆ ಈ ಪದ್ಧತಿ ಆಗಿಬರುವುದಿಲ್ಲ. ನನಗೆ ಸರಿಯೆನಿಸಿತು.

ಎರಡನೇ ವರ್ಷ ಕಂಪನಿ ಬೆಳೆಯಿತು. ವಾಟ್ಸಾಪ್ ಹೋಗಿ ಆ್ಯಪ್ ಬಂತು. ಭಾನುವಾರದ ಬದಲು ವಾರಪೂರ್ತಿ ಡೆಲಿವರಿ. ಪಟ್ಟಿಯಲ್ಲಿ ಇಲ್ಲ ಅನ್ನುವುದೇ ಮಾಯವಾಯಿತು. ಏಪ್ರಿಲ್‌ನಲ್ಲೂ ಹೂಕೋಸು, ಅದೂ ಒಂದು ಹುಳ ಇಲ್ಲದ್ದು, ಬೆಳ್ಳಗೆ. ಮೂರು ಬಣ್ಣದ ಕ್ಯಾಪ್ಸಿಕಂ, ಬ್ರಕೋಲಿ, ಸೇಬು. ಮೊದಲು ಕಟ್ಟಿನ ಮೇಲೆ ರೈತರ ಊರಿನ ಹೆಸರಿನ ಚೀಟಿ ಇರುತ್ತಿತ್ತು. ಅದರ ಜಾಗದಲ್ಲಿ ಬಾರ್‌ಕೋಡ್ ಬಂತು. ಹೂಕೋಸು ಯಾವ ತೋಟದ್ದು ಅಂತ ಮೇಲ್ ಹಾಕಿದರೆ "ನಮ್ಮ ನಂಬಿಕಸ್ಥ ರೈತರದು" ಅಂತ ಉತ್ತರ. ಸರ್ಟಿಫಿಕೇಟ್ ಕಳಿಸಿ ಅಂದದ್ದಕ್ಕೆ ಒಂದು ಪಿಡಿಎಫ್ ಬಂತು. ಅದರಲ್ಲಿದ್ದದ್ದು ಬೇಳೆ, ಅಕ್ಕಿ ಪ್ಯಾಕ್ ಮಾಡುವ ಘಟಕದ ಹೆಸರು. ತರಕಾರಿಯ ಸುದ್ದಿಯೇ ಇಲ್ಲ. ಮೋಸ ಮಾಡಿದರು ಅಂತ ಹೇಳಲು ನನ್ನ ಹತ್ತಿರ ಪುರಾವೆ ಇಲ್ಲ. ಆದರೆ ಎರಡರಷ್ಟು ದುಡ್ಡು ಕೊಡುವವಳಿಗೆ ಆ ಉತ್ತರ ಸಾಲದು. ಬಿಟ್ಟೆವು. ಆ್ಯಪಿನ ವ್ಯಾಲೆಟ್ಟಿನಲ್ಲಿದ್ದ ಹಣ ವಾಪಸ್ ಬರುವಷ್ಟರಲ್ಲಿ ಸಾಕುಸಾಕಾಯಿತು. ಹಾಗಾಗಿ ಮುಂಗಡ ಜಾಸ್ತಿ ತುಂಬಬೇಡಿ.

ಸರ್ಟಿಫಿಕೇಟಿನ ಬಗ್ಗೆ ಎರಡು ಮಾತು, ಯಾಕೆಂದರೆ ಗೊಂದಲ ತುಂಬಾ ಇದೆ. ನಮ್ಮಲ್ಲಿ ಎರಡು ದಾರಿ. ಒಂದು ಎನ್‌ಪಿಒಪಿ, ಅಂದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ, 2001ರಿಂದ ಇದೆ. ಹೊರಗಿನ ಸಂಸ್ಥೆಯವರು ಬಂದು ತಪಾಸಣೆ ಮಾಡುತ್ತಾರೆ, ಖರ್ಚು ಜಾಸ್ತಿ. ಇನ್ನೊಂದು ಪಿಜಿಎಸ್, ಅಂದರೆ ರೈತರೇ ಸೇರಿ ಖಾತ್ರಿ ಕೊಡುವ ಪದ್ಧತಿ. ಕನಿಷ್ಠ ಐದು ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡುತ್ತಾರೆ. ಅದರಲ್ಲಿ ಪಿಜಿಎಸ್ ಗ್ರೀನ್ ಅಂತ ಇದ್ದರೆ ಹೊಲ ಇನ್ನೂ ಸಾವಯವಕ್ಕೆ ಬದಲಾಗುವ ಹಂತದಲ್ಲಿದೆ ಅಂತ, ಪೂರ್ತಿ ಆಗಿಲ್ಲ. ಅಂಗಡಿಯ ಪ್ಯಾಕೆಟ್ಟಿನ ಮೇಲೆ ಕಾಣುವ ಜೈವಿಕ್ ಭಾರತ್ ಗುರುತು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನದು, 2017ರ ನಿಯಮದ ಪ್ರಕಾರ ಬಂದದ್ದು. ಅದೇ ನಿಯಮದಲ್ಲಿ, ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ರೈತರಿಗೆ ಸರ್ಟಿಫಿಕೇಟಿನಿಂದ ವಿನಾಯಿತಿ ಇದೆ. ಹಾಗಾಗಿ ಕಾಗದ ಇಲ್ಲ ಅಂದ ಮಾತ್ರಕ್ಕೆ ಸಣ್ಣ ರೈತನನ್ನು ಅನುಮಾನಿಸುವುದು ಬೇಡ. ಆ್ಯಪ್ ಇಟ್ಟುಕೊಂಡ ದೊಡ್ಡ ಕಂಪನಿ ಕಾಗದ ತೋರಿಸಲು ಹಿಂದೆಮುಂದೆ ನೋಡಿದರೆ ಅನುಮಾನಿಸಿ.

ಈಗ ತರಿಸುತ್ತಿರುವುದು ಚಿಕ್ಕ ಗುಂಪಿನಿಂದ, ಮಾಗಡಿ ಕಡೆಯವರು. ಪಿಜಿಎಸ್ ಇದೆ. ಮತ್ತೆ ಭಾನುವಾರ, ಮತ್ತೆ ಸೀಮೆಬದನೆ. ತೊಂದರೆಗಳೂ ಇವೆ. ಎಂಟಕ್ಕೆ ಬರುತ್ತೇವೆ ಅಂದವರು ಹನ್ನೊಂದಕ್ಕೆ ಬಂದದ್ದಿದೆ. ಬಾಳೆಹಣ್ಣು ಕಾಯಾಗಿಯೇ ಬಂದು, ಇಡೀ ಚಿಪ್ಪು ಒಂದೇ ದಿನ ಹಣ್ಣಾಗಿ ಕೂರುತ್ತದೆ. ದಸರಾ, ದೀಪಾವಳಿ ವಾರ ಗಾಡಿ ಇಲ್ಲ. ಹಾಳಾದದ್ದರ ಫೋಟೊ ಕಳಿಸಿದರೆ ಮಾತ್ರ ಮಾತಿಲ್ಲದೆ ಮುಂದಿನ ಬಿಲ್ಲಿನಲ್ಲಿ ಕಳೆಯುತ್ತಾರೆ.

ರೇಟು ಹೀಗಿದೆ: ಅಂಗಡಿಯಲ್ಲಿ ಬೀನ್ಸ್ 70 ಇದ್ದಾಗ ಇಲ್ಲಿ 110. ಸೊಪ್ಪಿನ ಕಟ್ಟು 30. ಕಟ್ಟು ದಪ್ಪ ಇರುವುದರಿಂದ ಸೊಪ್ಪು ಅಷ್ಟೇನೂ ದುಬಾರಿ ಬೀಳುವುದಿಲ್ಲ. ಡೆಲಿವರಿಗೆ 40. ಈರುಳ್ಳಿ, ಆಲೂಗಡ್ಡೆ ನಾವು ಮೂಲೆ ಅಂಗಡಿಯಲ್ಲೇ ತರುತ್ತೇವೆ, ಎಲ್ಲಕ್ಕೂ ಸಾವಯವ ಅಂತ ಹೊರಟರೆ ತಿಂಗಳ ಬಜೆಟ್ ಕೈ ಮೀರುತ್ತದೆ.

ಬೇಳೆ, ರಾಗಿ, ಅಕ್ಕಿಯನ್ನೂ ಅವರಿಂದಲೇ ತರಿಸುವವರಿಗೆ ಒಂದು ಎಚ್ಚರಿಕೆ. ಹುಳ ಬರದಂತೆ ಔಷಧಿ ಹೊಡೆದಿರುವುದಿಲ್ಲ, ಮಳೆಗಾಲದಲ್ಲಿ ಬೇಗ ನುಸಿ ಹಿಡಿಯುತ್ತದೆ. ತಿಂಗಳಿಗೆ ಬೇಕಾದಷ್ಟೇ ತನ್ನಿ. ತಂದ ದಿನ ಒಂದು ಒಳ್ಳೆಯ ಬಿಸಿಲು ಕಾಣಿಸಿ, ಡಬ್ಬಕ್ಕೆ ಒಣಗಿದ ಬೇವಿನ ಸೊಪ್ಪು ಹಾಕಿ. ರಾಜಮುಡಿ ಅಕ್ಕಿ ಚೆನ್ನಾಗಿರುತ್ತದೆ, ನೀರು ಸ್ವಲ್ಪ ಜಾಸ್ತಿ ಕೇಳುತ್ತದೆ.

ಮನೆಯಲ್ಲಿ ಇಬ್ಬರೇ ಇದ್ದು, ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ವಾರದ ಬುಟ್ಟಿಗೆ ಸೇರಬೇಡಿ. ಅರ್ಧ ಹಾಳಾಗುತ್ತದೆ. ವಾರಾಂತ್ಯದ ಸಾವಯವ ಸಂತೆಗಳಲ್ಲಿ ರೈತರೇ ಕೂತಿರುತ್ತಾರೆ, ಬೇಕಾದಷ್ಟು ಆರಿಸಿಕೊಂಡು ಬನ್ನಿ. ನಾಲ್ಕೈದು ಜನರ ಮನೆ, ಸೊಪ್ಪು ಬಿಡಿಸಲು ಒಬ್ಬರು ಇದ್ದಾರೆ ಅಂದರೆ ಧೈರ್ಯವಾಗಿ ಸೇರಿ, ಮೊದಲ ತಿಂಗಳು ಚಿಕ್ಕ ಬುಟ್ಟಿ ಸಾಕು.