ಅಮ್ಮ ಪ್ಲಗ್ ಕಿತ್ರೂ ಸಾಯದ ಟಿಮಕ್ಸ್: ಎರಡು ಮಳೆಗಾಲ ಕಳೆದ ಮೇಲೆ

ಉಡುಪಿಯಲ್ಲಿ ಮನೇಲಿ ಕೂತು ಸರ್ವರ್ ನೋಡಿಕೊಳ್ಳೋರಿಗೆ ಒಂದು ಕಷ್ಟ ಉಂಟು, ದೂರದಲ್ಲಿ ಗುಡುಗಿದ್ರೆ ಸಾಕು, ಮನೆಯವ್ರು ರೂಟರ್ ಪ್ಲಗ್ ಕಿತ್ತು ಬಿಡ್ತಾರೆ. ತಪ್ಪು ಅನ್ನೋ ಹಾಗೂ ಇಲ್ಲ, ಹಿಂದೆ ನಮ್ದೊಂದು ರೂಟರ್ ಸಿಡಿಲಿಗೆ ಸುಟ್ಟು ಹೋಗಿದೆ. "ಏ, ಸಿಡಿಲು ಬರ್ತಾ ಉಂಟು, ಪ್ಲಗ್ ತೆಗೀತೇನೆ ಆಯ್ತಾ" ಅಂತ ಅಮ್ಮ ಹೇಳೋದು ತೆಗೆದ ಮೇಲೆಯೇ. ಯುಪಿಎಸ್ ತಗೊಳ್ಳುವ ಅಂತ ಇದ್ದೆ, ಆದ್ರೆ ಪ್ಲಗ್ ಕೀಳುವವರ ಮುಂದೆ ಯುಪಿಎಸ್ ಎಂತ ಮಾಡ್ತದೆ. ಟಿಮಕ್ಸ್ ಅಂದ್ರೆ ನಮ್ಮ ಕನೆಕ್ಷನ್ ಕಡಿದ್ರೂ ಸರ್ವರಿನ ಟರ್ಮಿನಲ್ ಕೆಲಸ ಓಡ್ತಾ ಇರುವ ಹಾಗೆ ಹಿಡಿದಿಡುವ ಸಾಫ್ಟ್‌ವೇರ್, ಅದಾದ್ರೆ ಫ್ರೀ.

ವಿಂಡೋಸ್ 11ರಲ್ಲಿ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್, ಅದ್ರಲ್ಲಿ ಉಬುಂಟು ಅನ್ನೋ ಲಿನಕ್ಸ್, ಅಲ್ಲಿಂದ ದೂರದ ಸರ್ವರಿಗೆ ಲಾಗಿನ್ ಆಗುವ ಎಸ್ಎಸ್ಎಚ್, ಇದೆಲ್ಲ ಹಾಕೋದು ಹೇಗೆ ಅಂತ ಎಲ್ಲ ಕಡೆ ಸಿಗ್ತದೆ. ನಾನು ಮಾಡಿದ ಪೆದ್ದುತನ ಮಾತ್ರ ಹೇಳ್ತೇನೆ. ಟಿಮಕ್ಸ್ ಅನ್ನು ಲ್ಯಾಪ್‌ಟಾಪಲ್ಲೇ ಓಡಿಸ್ತಾ ಇದ್ದೆ. ಒಂದಿನ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಬ್ಯಾಕಪ್ ವಾಪಸ್ ತುಂಬುವ ರಿಸ್ಟೋರ್ ಅರ್ಧ ಆಗಿತ್ತು, ಪ್ಲಗ್ ಹೋಯ್ತು, ಮತ್ತೆ ನೋಡಿದ್ರೆ ಟಿಮಕ್ಸ್ ಆರಾಮ ಉಂಟು, ಅದರೊಳಗಿನ ಎಸ್ಎಸ್ಎಚ್ ಸತ್ತು ರಿಸ್ಟೋರನ್ನೂ ಕರ್ಕೊಂಡು ಹೋಗಿದೆ. ಟಿಮಕ್ಸ್ ಇರ್ಬೇಕಾದ್ದು ಸರ್ವರ್ ಒಳಗೆ ಮಾರಾಯ್ರೆ!

ಅಲ್ಲಿ ಹಾಕಿದ ಮೇಲೆ ಮಾತ್ರ ಸುಖ. ಬೆಳಿಗ್ಗೆ ಚಾ ಹಿಡ್ಕೊಂಡು ಕೂತು, ಎಸ್ಎಸ್ಎಚ್ ಮಾಡಿ, 'ಟಿಮಕ್ಸ್ ಅಟ್ಯಾಚ್' ಒತ್ತಿದ್ರೆ ಕೆಳಗೆ ಆ ಹಸಿರು ಪಟ್ಟಿ, ಎಡಗಡೆ ಲಾಗ್ ಓಡ್ತಾ ಉಂಟು, ಬಲಗಡೆ ನಿನ್ನೆ ರಾತ್ರಿ ಅರ್ಧ ಟೈಪ್ ಮಾಡಿ ಬಿಟ್ಟ ಕಮಾಂಡ್ ಕೂಡ ಹಾಗೇ ಉಂಟು, ಕರ್ಸರ್ ಮಿನುಗ್ತಾ ಕಾಯ್ತಾ. ಕೆಲಸ ಮುಗಿದ್ರೆ ಕಂಟ್ರೋಲ್-ಬಿ, ಡಿ ಒತ್ತಿ ಸೆಷನನ್ನು ಓಡ್ಲಿಕ್ಕೆ ಬಿಟ್ಟು ಎದ್ದು ಹೋಗೋದು. ಮೊದಲ ವಾರ ಇದನ್ನು ಸುಮ್ನೆ ಹತ್ತು ಸಲ ಮಾಡಿದ್ದೇನೆ. ಎಸ್ಎಸ್ಎಚ್ ಬದಲು, ನೆಟ್ ಹೋಗಿ ಬಂದ್ರೂ ಕಡಿಯದ ಮೋಶ್ ಹಾಕು ಅಂದವರೂ ಇದ್ದಾರೆ, ಅದಕ್ಕೆ 60000ದಿಂದ 61000ದ ವರೆಗಿನ ಯುಡಿಪಿ ಪೋರ್ಟಲ್ಲಿ ಒಂದಾದ್ರೂ ತೆರೆದಿರ್ಬೇಕು, ನಮ್ಮಲ್ಲಿ ಬಿಡೋದು ಎಸ್ಎಸ್ಎಚ್ ಪೋರ್ಟ್ 22 ಒಂದೇ.

ಇನ್ನು ಮಂಡೆಬಿಸಿ. ರಿಸ್ಟೋರಿನ ಮೊದಲ ಎರರ್ ನೋಡುವ ಅಂತ ಮೇಲೆ ಹೋದ್ರೆ 2000 ಲೈನಿಗೆ ಗೋಡೆ. 2007ರಿಂದ ಇರೋ ಸಾಫ್ಟ್‌ವೇರ್, ಡಿಫಾಲ್ಟ್ ಇಷ್ಟೇ! ಕಾನ್ಫಿಗ್ ಫೈಲಲ್ಲಿ ಎಷ್ಟು ಹಳೆ ಲೈನ್ ಇಟ್ಕೊಳ್ಬೇಕು ಅನ್ನೋ ಹಿಸ್ಟರಿ-ಲಿಮಿಟ್ 50000 ಮಾಡಿ, ರೀಲೋಡ್ ಮಾಡಿ, ಪುನಃ ಓಡಿಸಿದೆ, ಪುನಃ 2000. ತೆರೆದಿರೋ ಕಿಟಕಿಗೆ ಅದು ಲಾಗುವೇ ಆಗೋದಿಲ್ಲವಂತೆ, ಹೊಸದಾಗಿ ತೆರೆದದ್ದಕ್ಕೆ ಮಾತ್ರ. ಮ್ಯಾನ್ಯುಯಲಲ್ಲಿ ಬರ್ದಿದ್ದಾರೆ, ಆದ್ರೆ ರಾತ್ರಿ ಒಂದು ಗಂಟೆಗೆ ಮ್ಯಾನ್ಯುಯಲ್ ಓದೋರು ಯಾರು. ಈಗ ದೊಡ್ಡ ಕೆಲಸ ಇದ್ರೆ 'ಟೀ' ಕಮಾಂಡ್ ಹಾಕಿ ಔಟ್‌ಪುಟ್ ಫೈಲಿಗೂ ಇಳಿಸ್ತೇನೆ. ಡೇಟಾಬೇಸಿನ ಕನ್ನಡ ಹೆಸರುಗಳ ಗತಿ ಕೇಳ್ಬೇಡಿ, ನನ್ನ ಸ್ಕ್ರೀನಲ್ಲಿ ಒತ್ತಕ್ಷರ ಒಂದು ಕಡೆ, ಮೂಲ ಅಕ್ಷರ ಒಂದು ಕಡೆ.

ಆದ್ರೂ ಐದರಲ್ಲಿ ನಾಲ್ಕು ಸ್ಟಾರ್. ಈಗ ಗುಡುಗಿದ್ರೆ ನಾನೇ "ತೆಗಿ ಅಮ್ಮ" ಅಂತೇನೆ. ಸರ್ವರೇ ರೀಬೂಟ್ ಆದ್ರೆ ಮಾತ್ರ ಎಲ್ಲ ಸೆಷನ್ ಹೋಗ್ತದೆ, ಅದಕ್ಕೆ ಅಮ್ಮನನ್ನು ಬೈಯುವ ಹಾಗೂ ಇಲ್ಲ.