ಥ್ರೆಡ್ ನಿಲ್ಲಿಸೋಕೆ ಮೂರು ದಾರಿ: ಮೂರನ್ನೂ ತುಳಿದು ನೋಡಿದೆ

ಪುಣೆಯ ಹಿಂಜವಡಿಯಲ್ಲಿ ನನ್ನ ಕೆಲಸ. ಸೀರಿಯಲ್ ಪೋರ್ಟಿನಿಂದ ಬರುವ ರೀಡಿಂಗ್‌ಗಳನ್ನು ಫೈಲಿಗೆ ಬರೆಯುವ ಒಂದು ಸಿ ಪ್ರೋಗ್ರಾಂ, ಲಿನಕ್ಸ್ ಮೇಲೆ. ಓದಿ ಬರೆಯೋಕೆ ಬೇರೆ ಥ್ರೆಡ್, ಅಂದರೆ ಅದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೇ ಓಡುವ ಇನ್ನೊಂದು ಎಳೆ. ಸ್ಟಾಪ್ ಒತ್ತಿದರೆ ಅದು ನಿಲ್ಲಬೇಕು, ಅಷ್ಟೇ ಅಲ್ವಾ ಅಂದುಕೊಂಡಿದ್ದೆ.

ಮೊದಲು ಪಿಥ್ರೆಡ್ ಕಿಲ್ ಅನ್ನುವ ಫಂಕ್ಷನ್. ಹೆಸರು ನಂಬಿ ಕೆಟ್ಟೆ. ಅದು ಥ್ರೆಡ್‌ಗೆ ಸಿಗ್ನಲ್ ಕಳಿಸುತ್ತದೆ, ಕೊಲ್ಲುವುದಿಲ್ಲ. ನಾನು ಕಳಿಸಿದ್ದು ಸಿಗ್‌ಟರ್ಮ್, ಮುಗಿಸು ಅನ್ನುವ ಸಿಗ್ನಲ್. ಅದನ್ನು ಹಿಡಿಯುವ ಹ್ಯಾಂಡ್ಲರ್ ಫಂಕ್ಷನ್ ಇರಲಿಲ್ಲ, ಇಡೀ ಪ್ರೋಗ್ರಾಮೇ ಮಲಗಿತು.

ಆಮೇಲೆ ಪಿಥ್ರೆಡ್ ಕ್ಯಾನ್ಸಲ್. ಒಂದೇ ಸಾಲು, ಚೆನ್ನಾಗೇ ನಡೆಯಿತು. ಎರಡು ದಿನ. ಮೂರನೇ ದಿನ ಸ್ಟಾಪ್ ಒತ್ತಿದರೆ ಸ್ಕ್ರೀನ್ ಹಾಗೇ ನಿಂತುಬಿಟ್ಟಿತು. ಜಿಡಿಬಿ ಎಂಬ ಡೀಬಗರ್ ಹಾಕಿ ನೋಡಿದರೆ ಮೇನ್ ಥ್ರೆಡ್ ಮ್ಯೂಟೆಕ್ಸ್‌ಗಾಗಿ, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಲಾಕ್‌ಗಾಗಿ, ಕಾಯುತ್ತಾ ಕೂತಿದೆ. ಕ್ಯಾನ್ಸಲ್ ಅಂದ ತಕ್ಷಣ ಥ್ರೆಡ್ ಸಾಯುವುದಿಲ್ಲ. ರೀಡ್, ರೈಟ್, ಸ್ಲೀಪ್‌ನಂಥ ಕೆಲವು ಜಾಗ ತಲುಪಿದಾಗ ಸಾಯುತ್ತದೆ. ನನ್ನದು ಲಾಕ್ ಹಿಡಿದು ಫೈಲಿಗೆ ರೈಟ್ ಮಾಡುವಾಗಲೇ ಹೋಗಿತ್ತು. ಪಕ್ಕದ ಸೀಟಿನ ಬೆಳಗಾವಿಯವರು ನೋಡಿ ನಕ್ಕರು: "ಸತ್ತಾಂವ ಕೀಲಿಕೈ ತಗೊಂಡ ಹೋಗ್ಯಾನ ನೋಡ್ರಿ." ಸಾಯುವ ಮುನ್ನ ಓಡಬೇಕಾದ ಫಂಕ್ಷನ್ ಸೇರಿಸುವ ಕ್ಲೀನಪ್ ಪುಶ್, ಅದನ್ನು ತೆಗೆಯುವ ಕ್ಲೀನಪ್ ಪಾಪ್ ಹಾಕಿ ಲಾಕ್ ಬಿಡಿಸಬಹುದು, ಹಾಕಿಯೂ ನೋಡಿದೆ. ಆದರೆ ಲಾಕ್, ಮ್ಯಾಲಾಕ್‌ನಿಂದ ಪಡೆದ ಮೆಮೊರಿ, ತೆರೆದ ಫೈಲ್ ಎಲ್ಲಕ್ಕೂ ಒಂದೊಂದು ಬರೆಯುತ್ತಾ ಹೋದರೆ ಕೆಲಸಕ್ಕಿಂತ ಕ್ಲೀನಪ್ಪೇ ಜಾಸ್ತಿ.

ಕೊನೆಗೆ ಫ್ಲ್ಯಾಗ್, ಓಡು ಅಥವಾ ನಿಲ್ಲು ಅಂತ ಹೇಳುವ ಒಂದು ವೇರಿಯಬಲ್. ಲೂಪಿನ ಪ್ರತಿ ಸುತ್ತಿಗೂ ಥ್ರೆಡ್ ಅದನ್ನು ನೋಡುತ್ತದೆ, ನಿಲ್ಲು ಅಂತಿದ್ದರೆ ಲಾಕ್ ಬಿಟ್ಟು, ಫೈಲ್ ಮುಚ್ಚಿ, ತಾನೇ ರಿಟರ್ನ್ ಆಗುತ್ತದೆ. ಅದು ಮುಗಿಯುವವರೆಗೆ ಮೇನ್ ಜಾಯಿನ್ ಮಾಡಿ ಕಾಯುತ್ತದೆ. ಫ್ಲ್ಯಾಗ್‌ಗೆ ವೊಲಟೈಲ್ ಅಂತ ಗುರುತು ಹಾಕಿದರೆ ಸಾಕು ಅನ್ನುವವರಿದ್ದಾರೆ, ಸಾಲದು. ಸಿ ಭಾಷೆಯ 2011ರ ಆವೃತ್ತಿ ಸಿ11ರಲ್ಲಿ ಬಂದ, ಥ್ರೆಡ್‌ಗಳು ಸುರಕ್ಷಿತವಾಗಿ ಹಂಚಿಕೊಳ್ಳಬಹುದಾದ ಅಟಾಮಿಕ್ ಬೂಲ್ ಬಳಸಿ. ಇಲ್ಲೂ ಒಂದು ಕೊಕ್ಕೆ ಇತ್ತು. ರೀಡಿಂಗ್ ಕಳಿಸುವ ಮಷೀನ್ ಆಫ್ ಆಗಿದ್ದರೆ ಒಂದು ಬೈಟೂ ಬರುವುದಿಲ್ಲ, ಥ್ರೆಡ್ ರೀಡ್‌ನಲ್ಲೇ ನಿದ್ದೆ. ಫ್ಲ್ಯಾಗ್ ನೋಡೋರು ಯಾರು? ಅದಕ್ಕೆ ಒಂದು ತುದಿಯಲ್ಲಿ ಬರೆದದ್ದನ್ನು ಇನ್ನೊಂದು ತುದಿಯಲ್ಲಿ ಓದುವ ಪೈಪ್ ಒಂದನ್ನು ತೆರೆದು, ಪೋರ್ಟ್ ಮತ್ತು ಪೈಪ್ ಎರಡನ್ನೂ ಪೋಲ್‌ಗೆ ಕೊಟ್ಟೆ. ಯಾವುದಕ್ಕೆ ಡೇಟಾ ಬಂದರೂ ಪೋಲ್ ಥ್ರೆಡ್‌ನ್ನು ಎಬ್ಬಿಸುತ್ತದೆ. ಸ್ಟಾಪ್ ಒತ್ತಿದರೆ ಪೈಪಿಗೆ ಒಂದು ಬೈಟ್. ಥ್ರೆಡ್ ಎದ್ದು ಹೊರಡುತ್ತದೆ. ಹತ್ತು ಹದಿನೈದು ಸಾಲು ಜಾಸ್ತಿ ಆಯಿತು, ಆಗಲಿ.

ಲಾಕೂ ಇಲ್ಲ, ಫೈಲೂ ಇಲ್ಲ, ಸುಮ್ನೆ ಸ್ಲೀಪ್‌ನಲ್ಲಿ ಕೂತಿರುವ ಥ್ರೆಡ್ ಆದರೆ ಕ್ಯಾನ್ಸಲ್‌ಗೆ ನನ್ನ ತಕರಾರಿಲ್ಲ. ಮೊನ್ನೆ ಇದೇ ಕೋಡನ್ನು ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ಒಯ್ಯಬೇಕಾಯಿತು. ಅಲ್ಲಿನ ಸಿ ಲೈಬ್ರರಿಯಲ್ಲಿ ಪಿಥ್ರೆಡ್ ಕ್ಯಾನ್ಸಲ್ ಇಲ್ಲವೇ ಇಲ್ಲ. ಫ್ಲ್ಯಾಗ್ ಇದ್ದ ಕೋಡ್ ಇದ್ದ ಹಾಗೇ ಕಂಪೈಲ್ ಆಯಿತು.